ಹಳೇ ಕಂಪ್ಯೂಟರಿಗೆ 4 ಟಿಬಿ ಡಿಸ್ಕ್ ಹಾಕುವ ಮೊದಲು

ಪತ್ತನಾಜೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಅಂಗಡಿಗೆ ಒಂದು ಜಾತಿಯ ಗಿರಾಕಿಗಳು ಬರ್ಲಿಕ್ಕೆ ಶುರು, ಆರು ತಿಂಗಳು ಯಕ್ಷಗಾನದ ಆಟ ರೆಕಾರ್ಡ್ ಮಾಡಿ ಮಾಡಿ ಕಂಪ್ಯೂಟರ್ ಫುಲ್ ಆದವರು. ಫುಲ್ ಎಚ್‌ಡಿಯಲ್ಲಿ ರಾತ್ರಿಯಿಡೀ ಆಟ ಹಿಡಿದ್ರೆ ಹೆಚ್ಚುಕಮ್ಮಿ 90 ಜಿಬಿ ಆಗ್ತದೆ, ಹಳೇ 500 ಜಿಬಿ ಡಿಸ್ಕ್ ಎಷ್ಟು ದಿನ ಬಂದೀತು?

ಹೋದ ವಾರ ಬದಿಯಡ್ಕ ಕಡೆಯ ಸ್ಟುಡಿಯೋದವರೊಬ್ಬರು ಸಿಪಿಯು ಹೊತ್ತುಕೊಂಡೇ ಬಂದ್ರು, ಕೋರ್ 2 ಡ್ಯುಯೋ, ವಿಂಡೋಸ್ 7. "ಅಣ್ಣ, 4 ಟಿಬಿ ಹಾಕಿದ್ದೇನೆ, ಎರಡೇ ಕಾಣುದು, ಡೂಪ್ಲಿಕೇಟ್ ಕೊಟ್ಟದ್ದಾ ಎಂತ?" ಡೂಪ್ಲಿಕೇಟ್ ಅಲ್ಲ ಮಾರಾಯ್ರೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದ್ರೆ 2048 ಜಿಬಿ ಒಂದು ತುಂಡು, 1678 ಜಿಬಿ ಇನ್ನೊಂದು ತುಂಡು, ಎರಡನೇದನ್ನು ಮುಟ್ಲಿಕ್ಕೇ ಬಿಡುದಿಲ್ಲ. ಹೊಸ ಡಿಸ್ಕ್ ಹಾಕಿದಾಗ ಎಂಬಿಆರಾ ಜಿಪಿಟಿಯಾ ಅಂತ ಕೇಳ್ತದಲ್ಲ (ಡಿಸ್ಕಿನ ತುಂಡುಗಳ ಲೆಕ್ಕ ಬರೆದಿಡುವ ಎರಡು ಪದ್ಧತಿ), ಅಲ್ಲಿ ಇವರು ಎಂಬಿಆರ್‌ಗೇ ಓಕೆ ಒತ್ತಿದ್ದು. ಅದು 1983ರ ಪದ್ಧತಿ, 512 ಬೈಟಿನ ಸೆಕ್ಟರುಗಳನ್ನು (ಡಿಸ್ಕಿನ ಸಣ್ಣ ಸಣ್ಣ ಕೋಣೆ) 32 ಬಿಟ್ಟಿನಲ್ಲಿ ಎಣಿಸುದು, ಲೆಕ್ಕ 2.2 ಟಿಬಿಗೆ ಮುಗೀತದೆ, ವಿಂಡೋಸಿನ ಎಣಿಕೆಯಲ್ಲಿ ಅದೇ 2048 ಜಿಬಿ. ಪಾರ್ಟಿಶನ್ ತೆಗೆದು ಜಿಪಿಟಿ ಮಾಡಿದ್ರೆ ಪೂರಾ ಸಿಗ್ತದೆ (ವಿಂಡೋಸ್ 3.63 ಅಂತ ತೋರಿಸ್ತದೆ, ಅದು ಎಣಿಸುವ ಕ್ರಮ ಬೇರೆ ಅಷ್ಟೇ), ಆದ್ರೆ ಅದರಲ್ಲಿದ್ದದ್ದೆಲ್ಲ ಹೋಗ್ತದೆ, ಮೊದಲೇ ತೆಗೆದಿಟ್ಕೊಳ್ಬೇಕು. ಬೂಟ್ ಹಳೇ ಡಿಸ್ಕಿನಿಂದಲೇ ಆಗುದಾದ್ರೆ ಹಳೇ ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಪ್ರೋಗ್ರಾಂ) ಇದ್ರೂ ತೊಂದರೆ ಇಲ್ಲ. ವಿಂಡೋಸ್ ಎಕ್ಸ್‌ಪಿ 32 ಬಿಟ್ ಇದ್ದವರಿಗೆ ಮಾತ್ರ ಈ ದಾರಿ ಇಲ್ಲ, ಅದಕ್ಕೆ ಜಿಪಿಟಿ ಓದ್ಲಿಕ್ಕೆ ಬರುದಿಲ್ಲ.

ನನಗೆ ನಿಜವಾಗಿ ಹೆದರಿಕೆ ಇರುದು ಬೇರೆ ಒಂದು ಕೇಸಿಗೆ. ಕೆಲವು ಹಳೇ ಡ್ರೈವರ್ (ಡಿಸ್ಕನ್ನು ನಡೆಸುವ ಸಾಫ್ಟ್‌ವೇರ್), ಡಿಸ್ಕನ್ನು ಹೊರಗಿಂದ ಸಿಕ್ಕಿಸುವ ಹಳೇ ಯುಎಸ್‌ಬಿ ಡಾಕುಗಳಲ್ಲಿ 4 ಟಿಬಿ ಇಡೀ 1678 ಜಿಬಿ ಅಂತ್ಲೇ ಕಾಣ್ತದೆ, ಅಂದ್ರೆ ಹಳೇ ಸ್ಕೂಟರಿನ ಮೀಟರು 99999 ಆದ ಮೇಲೆ ಸೊನ್ನೆಗೆ ಬರ್ತದಲ್ಲ, ಹಾಗೆ ಲೆಕ್ಕ ತಿರುಗಿ ಬಿದ್ದದ್ದು. ಇನ್ನು ಕೆಲವದರಲ್ಲಿ ಸೈಜ್ ಸರಿ ಕಾಣ್ತದೆ, ಬರೀಲಿಕ್ಕೆ ಹೋದಾಗ 2.2 ದಾಟಿದ್ದು ಡಿಸ್ಕಿನ ಶುರುವಿನ ಜಾಗದ ಮೇಲೇ ಹೋಗಿ ಕೂತ್ಕೊಳ್ತದೆ, ಮೊದಲು ಹಾಕಿದ ಆಟಗಳು ಮಂಗಮಾಯ, ಎರರ್ ಕೂಡ ಬರುದಿಲ್ಲ. ಹಾಗಾಗಿ ನಾನು ಡ್ರೈವರ್ ಹೊಸದು ಹಾಕಿ, 2.2 ದಾಟುವಷ್ಟು ಫೈಲ್ ತುಂಬಿಸ್ಲಿಕ್ಕೆ ರಾತ್ರಿ ಬಿಟ್ಟು ಹೋಗಿ, ಬೆಳಿಗ್ಗೆ ರೀಸ್ಟಾರ್ಟ್ ಮಾಡಿ ಎಲ್ಲಕ್ಕಿಂತ ಮೊದಲು ಹಾಕಿದ ಫೈಲನ್ನು ಓಡಿಸಿ ನೋಡದೆ ಯಾರಿಗೂ ಕೊಡುದಿಲ್ಲ.

ಸ್ಪೀಡಿನ ಚಿಂತೆ ಬೇಡ, ಡಿಸ್ಕ್ ಸಿಕ್ಕಿಸುವ ಹಳೇ ಸಾಟಾ 2 ಪೋರ್ಟ್ ಕೂಡ ಸೆಕೆಂಡಿಗೆ 300 ಎಂಬಿ ಕೊಡ್ತದೆ, ತಿರುಗುವ ಡಿಸ್ಕಿಗೆ ಅಷ್ಟು ಓಡ್ಲಿಕ್ಕೇ ಆಗುದಿಲ್ಲ.

ಕರೆಂಟಿನದ್ದು ನೋಡ್ಬೇಕು. ಹಳೇ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಸಾಟಾ ಪಿನ್ನು ಸಾಲದೆ ನಾಲ್ಕು ಪಿನ್ನಿನ ಕನೆಕ್ಟರಿಗೆ ಚೀಪ್ ಅಡಾಪ್ಟರ್ ಸಿಕ್ಕಿಸ್ತಾರೆ, ಒಳಗೆ ಪ್ಲಾಸ್ಟಿಕ್ ಎರಕ ಹೊಯ್ದದ್ದು, ಸುಟ್ಟದ್ದನ್ನು ನಾನೇ ಕಿತ್ತು ತೆಗೆದಿದ್ದೇನೆ. ಡಿಸ್ಕ್ ತಿರುಗ್ಲಿಕ್ಕೆ ಶುರು ಮಾಡುವಾಗ 12 ವೋಲ್ಟಿನಲ್ಲಿ ಹತ್ರ ಹತ್ರ 2 ಆಂಪ್ ಎಳೀತದೆ, ಹತ್ತು ವರ್ಷದ ಎಸ್‌ಎಂಪಿಎಸ್ ಆದ್ರೆ ಬದಲಿಸಿ ಅಂತ್ಲೇ ಹೇಳುದು ನಾನು.

ಎಲ್ಲ ಆದ ಮೇಲೆ ಆ ಸ್ಟುಡಿಯೋದವರು ಕೇಳಿದ್ದು, "ಇನ್ನು ಹಳೇ ಡಿಸ್ಕಿನದ್ದು ಡಿಲೀಟ್ ಮಾಡ್ಬಹುದಲ್ಲ?" ಆಗ ಇರುದು ಒಂದೇ ಕಾಪಿ, ಡಿಸ್ಕ್ ಎಷ್ಟು ದೊಡ್ಡದಾದ್ರೂ ಒಂದೇ ಅಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಇನ್ನೊಂದು 4 ಟಿಬಿ ತರ್ತೇನೆ ಅಂತ ಹೇಳಿ ಹೋಗಿದ್ದಾರೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿನ ಮೊದಲು ತಂದ್ರೆ ಒಳ್ಳೇದು.