ಓಯುಆರ್: ಏರೇಷನ್ ಟ್ಯಾಂಕಿನ ಉಸಿರಾಟದ ಲೆಕ್ಕ

ಆಕ್ಸಿಜನ್ ಅಪ್‌ಟೇಕ್ ರೇಟ್ ಎಂಬುದರ ಚುಟುಕು ರೂಪ ಓಯುಆರ್. ಕನ್ನಡದಲ್ಲಿ ‘ಆಮ್ಲಜನಕ ಹೀರಿಕೆಯ ದರ’ ಎನ್ನಬಹುದು. ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ, ಏರೇಷನ್ ಟ್ಯಾಂಕಿನಲ್ಲಿ (ಗಾಳಿ ಊದುವ ತೊಟ್ಟಿಯಲ್ಲಿ) ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ಲೀಟರಿಗೆ, ಗಂಟೆಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಎಳೆದುಕೊಳ್ಳುತ್ತವೆ ಎಂಬ ಲೆಕ್ಕ ಅದು.

ಇದನ್ನು ಡಿಓ (ಡಿಸಾಲ್ವ್ಡ್ ಆಕ್ಸಿಜನ್, ಕರಗಿದ ಆಮ್ಲಜನಕ) ಜೊತೆ ಕಲಸಿಕೊಳ್ಳುವವರು ಬಹಳ. ಡಿಓ ಹೇಳುವುದು ನೀರಿನಲ್ಲಿ ಉಳಿದಿರುವ ಆಮ್ಲಜನಕವನ್ನಷ್ಟೇ. ಮದುವೆಮನೆಯಲ್ಲಿ ಅನ್ನದ ಹಂಡೆ ತುಂಬಿಯೇ ಇದೆ ಅನ್ನಿ. ಎಲ್ಲರ ಊಟವಾಯಿತೋ, ಉಣ್ಣುವವರೇ ಬರಲಿಲ್ಲವೋ, ಹಂಡೆ ನೋಡಿದರೆ ತಿಳಿಯದು. ಡಿಓ ಏರಿದಾಗಲೂ ಹಾಗೇ: ಕೊಳೆ ಮುಗಿದಿರಬಹುದು, ಇಲ್ಲವೇ ಡ್ರೈನೇಜಿಗೆ ಸುರಿದ ಆಸಿಡ್ಡಿಗೆ ಬ್ಯಾಕ್ಟೀರಿಯಾ ಸತ್ತಿರಬಹುದು. ಎರಡರಲ್ಲೂ ಓಯುಆರ್ ಕೆಳಗೇ ಇರುತ್ತದೆ. ಆದರೆ ಸ್ಯಾಂಪಲ್ಲಿಗೆ ಒಂದಿಷ್ಟು ಹಸಿ ಕೊಳಚೆ ಬೆರೆಸಿ ಮತ್ತೆ ಅಳೆಯಿರಿ. ದರ ಸರ್ರನೆ ಏರಿದರೆ ಅವು ಬರೀ ಹಸಿದಿದ್ದವು. ಏರದಿದ್ದರೆ ವಿಷದ ಅನುಮಾನ.

ಅಳತೆ ಸುಲಭ. ಟ್ಯಾಂಕಿನ ನೀರಿಗೆ ಗಾಳಿ ಕೊಟ್ಟು, 300 ಮಿಲಿಲೀಟರಿನ ಬಿಓಡಿ ಬಾಟಲಿಗೆ (ಗಾಳಿಯಾಡದಂತೆ ಮುಚ್ಚುವ ಪರೀಕ್ಷಾ ಬಾಟಲಿಗೆ) ತುಂಬಿ, ಡಿಓ ಮೀಟರಿನ ಪ್ರೋಬ್ ಇಳಿಸಿ, ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಬೇಕು. 6 ನಿಮಿಷದಲ್ಲಿ ಡಿಓ ಲೀಟರಿಗೆ 6.5 ಮಿಲಿಗ್ರಾಂನಿಂದ 3.5ಕ್ಕೆ ಇಳಿದರೆ ನಿಮಿಷಕ್ಕೆ 0.5, ಗಂಟೆಗೆ 30 ಮಿಲಿಗ್ರಾಂ. ಇದನ್ನು ಲೀಟರಿನಲ್ಲಿರುವ ಜೈವಿಕ ಸ್ಲಡ್ಜಿನ (ಬ್ಯಾಕ್ಟೀರಿಯಾಗಳ ಕೆಸರಿನ) ತೂಕದಿಂದ, 2.5 ಗ್ರಾಂ ಎಂದಿಟ್ಟುಕೊಳ್ಳಿ, ಭಾಗಿಸಿದರೆ ಗ್ರಾಂ ಸ್ಲಡ್ಜಿಗೆ ಗಂಟೆಗೆ 12 ಮಿಲಿಗ್ರಾಂ. ಇದಕ್ಕೆ ಎಸ್‌ಓಯುಆರ್ (ಸ್ಪೆಸಿಫಿಕ್ ಓಯುಆರ್) ಎನ್ನುತ್ತಾರೆ. ಸಾಮಾನ್ಯವಾಗಿ 8ರಿಂದ 20ರ ನಡುವೆ ಇದ್ದರೆ ಟ್ಯಾಂಕ್ ಆರೋಗ್ಯವಾಗಿದೆ ಎಂದು ಅರ್ಥ.

ನಮ್ಮಲ್ಲಿ ಬಿಓಡಿ ಪರೀಕ್ಷೆಗೆ, ಅಂದರೆ ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕೆಂದು ಅಳೆಯುವುದಕ್ಕೆ, 27 ಡಿಗ್ರಿಯಲ್ಲಿ 3 ದಿನ ಬೇಕು. ಫಲಿತಾಂಶ ಕೈಸೇರುವಷ್ಟರಲ್ಲಿ ಆ ನೀರು ಕೆರೆ ಸೇರಿರುತ್ತದೆ. ಓಯುಆರ್ ಹತ್ತು ನಿಮಿಷದ ಕೆಲಸ, ಹಾಗಾಗಿಯೇ ಅದರಿಂದ ಘಟಕವನ್ನು ನಡೆಸಬಹುದು. ಎಸ್‌ಬಿಆರ್ ಘಟಕಗಳಲ್ಲಿ (ಒಂದೇ ಟ್ಯಾಂಕಿನಲ್ಲಿ ಸರದಿಯಂತೆ ಶುದ್ಧೀಕರಿಸುವಂಥವು) ಅಮೋನಿಯಾ ಮುಗಿಯುತ್ತಲೇ ಓಯುಆರ್ ದಿಢೀರನೆ ಕುಸಿಯುತ್ತದೆ. ಗಾಳಿ ಊದುವ ಬ್ಲೋವರ್ ನಿಲ್ಲಿಸಲು ಅದೇ ಸೂಚನೆ. ಕರೆಂಟ್ ಬಿಲ್ಲಿನ ದೊಡ್ಡ ಪಾಲು ಬ್ಲೋವರಿನದೇ ತಾನೆ! ಓಯುಆರ್ ಏರಿದರೆ ಹೊಸ ಹೊರೆ ಬಂದಿದೆ, ಗಾಳಿ ಹೆಚ್ಚಿಸಬೇಕು.

ಅಂದಹಾಗೆ, 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಗಾಳಿ ಊದಿ ಬ್ಯಾಕ್ಟೀರಿಯಾ ಸ್ಲಡ್ಜಿನಿಂದ ಕೊಳಚೆ ಶುದ್ಧ ಮಾಡುವ ಈ ವಿಧಾನವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೇ, ಅಂದರೆ ಇಂದಿನ ಐಐಎಸ್‌ಸಿಗೆ, ಪ್ರಾಧ್ಯಾಪಕರಾಗಿ ಬಂದರು.

ಅಳೆಯುವಾಗ ಎರಡು ಎಚ್ಚರ: ಬಾಟಲಿಯೊಳಗೆ ಗುಳ್ಳೆ ಉಳಿಯಬಾರದು, ಕಲಕುವುದು ನಿಲ್ಲಬಾರದು. ಸ್ಲಡ್ಜ್ ತಳಕ್ಕೆ ಕೂತರೆ ಪ್ರೋಬ್ ಮೇಲಿನ ತಿಳಿನೀರನ್ನಷ್ಟೇ ಅಳೆಯುತ್ತದೆ.