ಬೆಳಗಿನ ಜಾವ ಮೂರು ಗಂಟೆಗೇ ಏಕೆ ಹೊರಡಬೇಕು: ವಸಂತದ ಹಿಮಕುಸಿತದ ಹಿನ್ನೆಲೆ

ನಸುಕಿನಲ್ಲೇ ಸ್ಕಂದಗಿರಿ ಹತ್ತಿ ಸೂರ್ಯೋದಯಕ್ಕೆ ಕಾಯುವುದು ಚಿಕ್ಕಬಳ್ಳಾಪುರದ ಚಾರಣಿಗರಿಗೆ ರೂಢಿಯಾಗಿದೆ. ಬಿಸಿಲೇರಿದ ಮೇಲೂ ಬಂಡೆಯ ಮೇಲೆ ಕುಳಿತು ಹರಟಿ ನಿಧಾನವಾಗಿ ಇಳಿದರೆ ಇಲ್ಲಿ ತೊಂದರೆಯೇನಿಲ್ಲ. ಇಲ್ಲಿ ಕಾಲು ಪಳಗಿಸಿಕೊಂಡವರಲ್ಲಿ ಹಲವರು ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರಾಖಂಡದ ಕೇದಾರಕಂಠದಂಥ ಹಿಮದ ಶಿಖರಗಳಿಗೆ ಹೋಗುತ್ತಾರೆ. ಅಲ್ಲಿಯೂ ಬೆಳಗಿನ ಜಾವ ಮೂರರ ಸುಮಾರಿಗೆ ಎಬ್ಬಿಸಿ ಹೊರಡಿಸುತ್ತಾರೆ. ಅದು ಸೂರ್ಯೋದಯ ನೋಡಲಿಕ್ಕೆಂದೇ ನಮ್ಮವರು ತಿಳಿದಿರುತ್ತಾರೆ. ಆದರೆ ಆ ಹೊತ್ತಿನ ಹಿಂದೆ ಎಷ್ಟೋ ಜೀವಗಳನ್ನು ತೆತ್ತು ಕಲಿತ ಲೆಕ್ಕವೊಂದಿದೆ.

ಮೊದಲು ಪದದ ಗೊಂದಲ ತೀರಲಿ. ಆಕಾಶದಿಂದ ಹಿಮ ಸುರಿಯುವುದಕ್ಕೂ ಬೆಟ್ಟದ ಮೈಯಿಂದ ಹಿಮರಾಶಿ ಜಾರಿ ಬೀಳುವುದಕ್ಕೂ ನಮ್ಮಲ್ಲಿ ‘ಹಿಮಪಾತ’ ಎಂದೇ ಬರೆಯುವುದುಂಟು. ಎರಡನೆಯದನ್ನು ಹಿಮಕುಸಿತ ಎನ್ನುವುದು ಮೇಲು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಹೂತುಹೋಗಿ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು, ಅದೇ ತಿಂಗಳ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದಾಗ ಅದರ ಭೀಕರತೆ ಕನ್ನಡಿಗರ ಮನೆಮನೆಗೂ ತಲುಪಿತು.

ಚಳಿಗಾಲದಲ್ಲಿ ಪ್ರತಿ ಸಲ ಬಿದ್ದ ಹಿಮವೂ ಒಂದೊಂದು ಪದರವಾಗಿ ಕೂರುತ್ತದೆ. ನಡುವೆ ಎಲ್ಲೋ ಒಂದು ಪದರ ಸಕ್ಕರೆಯಂತೆ ಬಿಡಿಬಿಡಿ ಹರಳಾಗಿ ಉಳಿದರೆ, ಅದರ ಮೇಲಿನ ಗಟ್ಟಿ ಹಾಸು ಒಬ್ಬ ಮನುಷ್ಯನ ಭಾರಕ್ಕೂ ಬಿರುಕು ಬಿಟ್ಟು ಇಡಿಯಾಗಿ ಜಾರಬಹುದು. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರುಗಳಲ್ಲಿ ಈ ಭಯ ಹೆಚ್ಚು. ವಸಂತದಲ್ಲಿ ಇದರ ಜೊತೆಗೆ ನೀರೂ ಸೇರಿಕೊಳ್ಳುತ್ತದೆ. 2021ರ ಆಗಸ್ಟ್‌ನಲ್ಲಿ ರಾತ್ರಿ ಸುರಿದ ಮಳೆಗೆ ಮಣ್ಣು ಕುಸಿದು ನಂದಿಬೆಟ್ಟದ ರಸ್ತೆ ಕಡಿದುಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಒಳಗಿಳಿದಂತೆ ಕಣಕಣಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಮಣ್ಣಿಗೆ ಮಳೆ ಮಾಡುವುದನ್ನೇ ಹಿಮಕ್ಕೆ ಬಿಸಿಲು ಮಾಡುತ್ತದೆ.

ಈ ತಿಳಿವಳಿಕೆ ಬಂದದ್ದು ದುರಂತಗಳಿಂದ. 1910ರ ಮಾರ್ಚ್ 1ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್‌ನಲ್ಲಿ, ದಿನಗಟ್ಟಲೆ ಹಿಮ ಸುರಿದ ಮೇಲೆ ಮಳೆ ಬಂದು, ನಿಂತಿದ್ದ ರೈಲುಗಳನ್ನು ಹಿಮಕುಸಿತ ಕಣಿವೆಗೆ ತಳ್ಳಿತು. 96 ಜನ ಸತ್ತರು. 1916ರ ಡಿಸೆಂಬರ್‌ನಲ್ಲಿ ಆಲ್ಪ್ಸ್‌ನ ಮರ್ಮೊಲಾಡಾದಲ್ಲಿ ಭಾರೀ ಹಿಮದ ಬೆನ್ನಿಗೇ ಹವೆ ಬೆಚ್ಚಗಾಗಿ, ಇನ್ನೂರಕ್ಕೂ ಹೆಚ್ಚು ಆಸ್ಟ್ರಿಯಾದ ಸೈನಿಕರು ಮಲಗಿದ್ದಲ್ಲೇ ಹೂತುಹೋದರು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನ ಮೇಲಿನ ಬೆಟ್ಟದಲ್ಲಿ ವಿಜ್ಞಾನಿಗಳು ಹಿಮದ ಪದರಗಳನ್ನು ಅಗೆದು ಅಳೆಯತೊಡಗಿದರು. ಭಾರತದಲ್ಲಿ ಈ ಕೆಲಸಕ್ಕೆಂದೇ 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಇಲಾಖೆಯ ಸಂಸ್ಥೆ ಹುಟ್ಟಿತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದೊಂದಿಗೆ ವಿಲೀನಗೊಂಡು, ಹೊಸ ಹೆಸರಿನಲ್ಲಿ ಚಂಡೀಗಢದಿಂದ ಹಿಮಾಲಯದ ಪ್ರದೇಶಗಳಿಗೆ ಮುನ್ನೆಚ್ಚರಿಕೆ ಕೊಡುತ್ತಿದೆ.

ಇನ್ನು ಮೂರು ಗಂಟೆಯ ಲೆಕ್ಕ. ಆಕಾಶ ತಿಳಿಯಾಗಿದ್ದ ರಾತ್ರಿ ನೆಲದ ಕಾವು ಮೇಲೆ ಹೋಗಿ, ಬೆಳಗಾಗುವಾಗ ಅವರೆ ಹೊಲದಲ್ಲಿ ಇಬ್ಬನಿ ದಟ್ಟವಾಗಿರುವುದನ್ನು ನಮ್ಮ ರೈತರು ಬಲ್ಲರು. ಹಾಗೆಯೇ ತಿಳಿ ರಾತ್ರಿಯಲ್ಲಿ ಹಗಲು ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಮೋಡ ಕವಿದಿದ್ದರೆ ಕಾವು ಅಲ್ಲೇ ಉಳಿದು ಹಿಮ ಹಸಿಯಾಗಿಯೇ ಇರುತ್ತದೆ. ಬಿಸಿಲು ಮೊದಲು ಪೂರ್ವದ ಇಳಿಜಾರನ್ನು, ಆಮೇಲೆ ದಕ್ಷಿಣವನ್ನು, ಕೊನೆಗೆ ಪಶ್ಚಿಮವನ್ನು ಸಡಿಲಿಸುತ್ತ ಹೋಗುತ್ತದೆ. ಹಾಗೆ ಸಡಿಲವಾಗುವ ಮುನ್ನವೇ ಹತ್ತಿ ಇಳಿದುಬಿಡಲೆಂದೇ ಮೂರಕ್ಕೆ ಹೊರಡಿಸುವುದು. ಬೆಳಿಗ್ಗೆ ಬೂಟಿನ ಗುರುತೂ ಮೂಡದಿದ್ದ ಜಾಗದಲ್ಲಿ ಕಾಲು ಹರಡಿನವರೆಗೆ ಹೂತರೆ, ಹಿಮವನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ, ಮೇಲಿನಿಂದ ನಿಂಬೆಹಣ್ಣಿನ ಗಾತ್ರದ ಉಂಡೆಗಳು ತಾವಾಗಿ ಉರುಳಿ ಬರತೊಡಗಿದರೆ ಆ ಇಳಿಜಾರಿನಿಂದ ಆಚೆ ಸರಿಯಬೇಕು.

ಚಾರಣದ ಜಾಹೀರಾತುಗಳಲ್ಲಿ ಎತ್ತರ, ದಿನ, ದರ ಎಲ್ಲ ಇರುತ್ತದೆ; ಇದರ ಬಗ್ಗೆ ಒಂದು ಸಾಲೂ ಇರದಿರುವುದು ನನಗೆ ನೋವಿನ ಸಂಗತಿ. ಹೂತವರನ್ನು ಸುಮಾರು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಆಮೇಲೆ ಆಸೆ ಬೇಗ ಕುಗ್ಗುತ್ತದೆ. ರಕ್ಷಣಾ ಪಡೆ ಅಷ್ಟರೊಳಗೆ ಬರಲಾರದು. ಜೊತೆಯಲ್ಲಿರುವವರೇ ಅಗೆಯಬೇಕು, ಅದಕ್ಕೆ ಸಲಿಕೆ ಬೇಕು. ಆದ್ದರಿಂದ ಹೊರಡುವ ಮುನ್ನ ಸಲಿಕೆ ಇದೆಯೇ, ರಾತ್ರಿ ಹಿಮ ಹೆಪ್ಪುಗಟ್ಟಿತೇ ಎಂದು ಮಾರ್ಗದರ್ಶಿಯನ್ನು ಕೇಳಿ. ಗಟ್ಟಿಯಾಗಿಲ್ಲವೆಂದು ಅವರು ಅರ್ಧದಾರಿಯಿಂದ ಹಿಂದಿರುಗಿಸಿದರೆ, ಕಟ್ಟಿದ ಹಣದ ಮಾತೆತ್ತಿ ಅವರೊಡನೆ ವಾದಕ್ಕೆ ನಿಲ್ಲಬೇಡಿ.