ಸೀಸವಿಲ್ಲದ ಪೆನ್ಸಿಲ್ಲಿಗೆ ಸೀಸದ ಹೆಸರೇಕೆ?

ಪ್ರಶ್ನೆ: ಜರ್ಮನ್ ಭಾಷೆಯಲ್ಲಿ ಪೆನ್ಸಿಲ್ಲಿಗೆ ‘ಬ್ಲೈಶ್ಟಿಫ್ಟ್’ ಎನ್ನುತ್ತಾರೆ. ‘ಬ್ಲೈ’ ಎಂದರೆ ಸೀಸ. ಪೆನ್ಸಿಲ್ಲಿನಲ್ಲಿ ಸೀಸವೇ ಇಲ್ಲದಿರುವಾಗ ಈ ಹೆಸರು ಹೇಗೆ ಬಂತು?

ಉತ್ತರ: ನಮ್ಮ ಹಿರಿಯರು ಪೆನ್ಸಿಲ್ಲನ್ನು ‘ಸೀಸದ ಕಡ್ಡಿ’ ಎಂದೇ ಕರೆಯುತ್ತಿದ್ದುದರಿಂದ ಈ ಪ್ರಶ್ನೆ ಕನ್ನಡಕ್ಕೂ ಸಲ್ಲುತ್ತದೆ. ‘ಶ್ಟಿಫ್ಟ್’ ಎಂದರೆ ಸಣ್ಣ ಕಡ್ಡಿ ಅಥವಾ ತಲೆಯಿಲ್ಲದ ಮೊಳೆ. ನಮ್ಮ ತತ್ಪುರುಷ ಸಮಾಸದಂತೆ ಇಲ್ಲಿಯೂ ಉತ್ತರಪದವೇ ಪ್ರಧಾನ. ‘ಬ್ಲೈ’ ನಪುಂಸಕಲಿಂಗವಾದರೂ ‘ಶ್ಟಿಫ್ಟ್’ ಪುಲ್ಲಿಂಗವಾದ್ದರಿಂದ ಇಡೀ ಪದವೂ ಪುಲ್ಲಿಂಗವೇ.

16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಶುದ್ಧ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನಲ್ಲಿ ಗೆರೆ ಮೂಡಿಸುವ ಕಪ್ಪು ಖನಿಜ, ಸಿಕ್ಕಿತು. ಬೂದುಗಪ್ಪು ಬಣ್ಣ, ಲೋಹದಂಥ ಹೊಳಪು, ಮುಟ್ಟಿದರೆ ಬೆರಳಿಗೆ ಅಂಟುವ ಮೃದುತ್ವ ಇವುಗಳನ್ನು ಕಂಡವರು ಅದನ್ನು ಸೀಸದ ಒಂದು ಬಗೆಯೆಂದೇ ತಿಳಿದರು. ನಿಜವಾದ ಸೀಸದ ತುಂಡನ್ನು ಕಾಗದದ ಮೇಲೆ ಎಳೆದರೂ ಮಸುಕಾದ ಬೂದುಗೆರೆ ಮೂಡುತ್ತದೆ. ಗ್ರಾಫೈಟ್ ಬರುವ ಮೊದಲು ಯೂರೋಪಿನಲ್ಲಿ ಅಂಥ ಸೀಸದಿಂದ ಗೆರೆ ಹಾಕುತ್ತಿದ್ದರು ಕೂಡ. ಆದ್ದರಿಂದ ಆ ಊಹೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಪದದ ನಿಜವಾದ ಸ್ವಾರಸ್ಯ ಅದರ ನಡುವಿನಲ್ಲಿದೆ. ಬ್ಲೈಶ್ಟಿಫ್ಟ್ ಎಂಬುದು ‘ಬ್ಲೈವೈಸ್‌ಶ್ಟಿಫ್ಟ್’ ಎಂಬ ಹಳೆಯ ರೂಪದ ಸಂಕ್ಷೇಪ. ‘ಬ್ಲೈವೈಸ್’ ಎಂದರೆ ಅಕ್ಷರಶಃ ಸೀಸದ ಬಿಳುಪು; ಬಣ್ಣ ಬಳಿಯುವವರು ಉಪಯೋಗಿಸುತ್ತಿದ್ದ ಬಿಳಿ ಪುಡಿ ಅದು. ಅದೇ ಹೆಸರು ಕಪ್ಪಾದ ಗ್ರಾಫೈಟಿಗೂ ಅಂಟಿಕೊಂಡಿತು. ಪೆನ್ಸಿಲ್ ತಯಾರಿಕೆಗೆ ಹೆಸರಾದ ನ್ಯೂರೆಂಬರ್ಗ್ ನಗರದ 1662ರ ದಾಖಲೆಯಲ್ಲಿ ಫ್ರೀಡ್ರಿಕ್ ಶ್ಟೆಡ್ಲರ್‌ನನ್ನು ‘ಬ್ಲೈವೈಸ್’ ಕಡ್ಡಿ ಮಾಡುವವನೆಂದೇ ಗುರುತಿಸಲಾಗಿದೆ. ಮುಂದೆ, ದಿನಬಳಕೆಯಲ್ಲಿ ಸವೆದು ನಡುವಿನ ‘ವೈಸ್’ ಬಿದ್ದುಹೋಯಿತು.

1779ರಲ್ಲಿ ರಸಾಯನಶಾಸ್ತ್ರಜ್ಞ ಶೀಲೆ ಈ ವಸ್ತು ಇಂಗಾಲವೆಂದು ತೋರಿಸಿದ. ಹತ್ತು ವರ್ಷಗಳ ನಂತರ ಖನಿಜಶಾಸ್ತ್ರಜ್ಞ ವೆರ್ನರ್, ‘ಬರೆ’ ಎಂಬರ್ಥದ ಗ್ರೀಕ್ ಧಾತುವಿನಿಂದ ‘ಗ್ರಾಫೈಟ್’ ಎಂಬ ಹೆಸರನ್ನು ಕಟ್ಟಿದ. ಆ ಹೊತ್ತಿಗೆ ಹಳೆಯ ಹೆಸರು ಜನರ ನಾಲಗೆಯಲ್ಲಿ ಗಟ್ಟಿಯಾಗಿ ನಿಂತಿತ್ತು. ಇಂದಿನ ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣವಾದ್ದರಿಂದ, ಮಗು ಅದರ ತುದಿಯನ್ನು ಬಾಯಿಗಿಟ್ಟರೆ ಆ ಕಡ್ಡಿಯಿಂದ ಸೀಸದ ವಿಷ ಸೇರುತ್ತದೆಂದು ತಾಯಂದಿರು ಹೆದರಬೇಕಾಗಿಲ್ಲ.

ಇನ್ನು ‘ಶ್ಟಿಫ್ಟ್’ ಸ್ವತಂತ್ರವಾಗಿಯೇ ಬೆಳೆದಿದೆ. ಬಣ್ಣದ ಪೆನ್ಸಿಲ್ ‘ಬುಂಟ್‌ಶ್ಟಿಫ್ಟ್’. ತುಟಿಗೆ ಹಚ್ಚುವ ಲಿಪ್‌ಸ್ಟಿಕ್ ‘ಲಿಪ್ಪೆನ್‌ಶ್ಟಿಫ್ಟ್’, ಅಂದರೆ ತುಟಿಯ ಕಡ್ಡಿ.